ಹೋಳಿಗೆ ಹಾಕಿಕೊಟ್ಟ ಬೆಳ್ಳಿ ಬಟ್ಟಲು

ನಮ್ಮ ಮೇಲಿನ ಮನೆಯ ವಸುಂಧರಾಗೆ ಮೂಗಿನ ತುದಿಯಲ್ಲೇ ಕೋಪ. ಗಂಡ ರೈಲ್ವೆಯಲ್ಲಿ ದೊಡ್ಡ ಅಧಿಕಾರಿ. ಬಂಗಾಳಿಗಳ ಬಡಾವಣೆಯಾದ ಗರಿಯಾಹಾಟಿನ ಈ ಅಪಾರ್ಟ್‌ಮೆಂಟಿನಲ್ಲಿ ಅವಳ ಮಾತಿಗೆ ಎದುರಿಲ್ಲ. ಇಲ್ಲಿ ಕನ್ನಡದವರೆಂದರೆ ನಾವೆರಡೇ ಮನೆ, ಹಾಗಾಗಿ ಅವಳ ಸಿಟ್ಟಿನ ಮೊದಲ ಪಾಲು ಯಾವಾಗಲೂ ನನಗೆ.

ಈ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಗೆಲಸದ ಶೆಫಾಲಿಗೆ ಕುಂಕುಮ ಕೊಟ್ಟು, ಹೋಳಿಗೆಯನ್ನು ಬೆಳ್ಳಿ ಬಟ್ಟಲಲ್ಲೇ ಹಾಕಿ ಕಳಿಸಿದಳು. ಹಬ್ಬದ ದಿನ ಮುತ್ತೈದೆಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಡುವುದೇ? ಬಟ್ಟಲು ನಾಳೆ ವಾಪಸು ಬರುತ್ತದೆ. ನಮ್ಮ ಕಡೆ ಪಾತ್ರೆಗಳು ಮನೆಯಿಂದ ಮನೆಗೆ ಓಡಾಡುವುದು ಇದ್ದದ್ದೇ. ಆದರೆ ನಮ್ಮ ಗೇಟಿನಲ್ಲಿ ಕೆಲಸದವರ ಚೀಲಗಳನ್ನು ಮಾತ್ರ ತೆಗೆಸಿ ನೋಡುತ್ತಾರೆ. ಇಷ್ಟು ವರ್ಷ ಅದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಬಟ್ಟಲು ಕಂಡ ಕಾವಲುಗಾರ ಶೆಫಾಲಿಯನ್ನು ಎಲ್ಲರೆದುರು ಕೂರಿಸಿದ. ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ವಸುಂಧರಾ ಇಳಿದು ಬಂದು, ನಾನೇ ಕೊಟ್ಟದ್ದು ಎಂದಳು, ಅಷ್ಟೇ ಸಾಕಾಯಿತು. ಅಸೋಸಿಯೇಷನ್ ಸೆಕ್ರೆಟರಿ ಓಡಿಬಂದು ಕ್ಷಮೆ ಕೇಳಿದ, ಅದೂ ವಸುಂಧರಾಳ ಹತ್ತಿರ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಶೆಫಾಲಿಯ ಮುಂದೆ ತಪ್ಪಾಯಿತು ಅನ್ನುವವರೆಗೂ ಅವನನ್ನು ಬಿಡಲಿಲ್ಲ. ಭಲೇ ಎಂದು ನಾನೂ ಹಿಗ್ಗಿದೆ.

ಹಿಗ್ಗಿದ್ದಷ್ಟೇ ಬಂತು. ವಾರ ಕಳೆಯುವುದರೊಳಗೆ, ಕಳ್ಳತನದ ಸುದ್ದಿಗೂ ಜಗಳಕ್ಕೂ ಹೆದರಿ, ಶೆಫಾಲಿಯ ಉಳಿದ ಮೂರು ಮನೆಯವರೂ ಇನ್ನು ಬರಬೇಡ ಎಂದರು. ಅವಳ ಸಂಸಾರ ನಿಂತಿದ್ದೇ ಆ ಮನೆಗಳ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

ವಸುಂಧರಾ ಮತ್ತೆ ಸೆರಗು ಸಿಕ್ಕಿಸಿ ಸೆಕ್ರೆಟರಿಯ ಮನೆಗೆ ಹೊರಟಳು. ಶೆಫಾಲಿ ಅಡ್ಡ ನಿಂತಳು. ಅವಳು ವಸುಂಧರಾಳನ್ನು ಇಲ್ಲಿನವರಂತೆ ಬೌದಿ, ಅಂದರೆ ಅತ್ತಿಗೆ, ಎನ್ನುತ್ತಾಳೆ.

“ಬೌದಿ, ಜಗಳ ನಿಮ್ಮದು, ಹೋದ ಮನೆಗಳು ನನ್ನವು. ಈ ಸಲ ನನ್ನನ್ನು ಕೇಳಿ ಮಾಡಿ.”

ಏನು ಮಾಡಲಿ ಎಂದು ಕೇಳುವಾಗ ವಸುಂಧರಾಳ ದನಿ ಉಡುಗಿತ್ತು. ಆ ಮನೆಗಳಿಗೆ ನನ್ನ ಜೊತೆ ಬಂದು ನಾನು ಕಳ್ಳಿಯಲ್ಲ ಎಂದು ಹೇಳಿ, ಸಿಟ್ಟು ಮಾತ್ರ ಬೇಡ ಎಂದಳು ಶೆಫಾಲಿ. ಯಾರ ಬಾಗಿಲಲ್ಲೂ ಕೈಕಟ್ಟಿ ನಿಂತವಳಲ್ಲ ವಸುಂಧರಾ. ಆದರೂ ಹೋದಳು. ಜೊತೆಗೆ ನಾನೂ ಹೋದೆ.

ಎರಡು ಮನೆಯವರು ಗೊಣಗುತ್ತಲೇ ಒಪ್ಪಿದರು. ಮೂರನೆಯ ಮನೆಯಾಕೆ ಬಾಗಿಲನ್ನು ಅರ್ಧ ತೆರೆದು, ವಸುಂಧರಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೆಲಸದವಳು ಕೈತಪ್ಪಬಾರದೆಂದು ನೀವೇ ಸುಳ್ಳು ಹೇಳುತ್ತಿದ್ದೀರಿ ಎಂದು ಕದ ಹಾಕಿಕೊಂಡಳು.

ವಸುಂಧರಾಳ ಮುಖ ಕಪ್ಪಿಟ್ಟಿತು. ನಾನು ಹೇಳಿದ್ದು ನಿಜ, ನಿಜವನ್ನೇ ಹೇಳಿದೆ ಎಂದು ಮುಚ್ಚಿದ ಕದಕ್ಕೇ ಹೇಳುತ್ತ ನಿಂತಳು. ಶೆಫಾಲಿ ಮೆಲ್ಲಗೆ ಅವಳ ಮೊಣಕೈ ಹಿಡಿದಳು.

“ನಡೀರಿ ಬೌದಿ. ಅಭ್ಯಾಸ ಆಗುತ್ತೆ.”