ನಾರು ಸುತ್ತುತ್ತಿದ್ದ ಸುವಾರ್ತಮ್ಮ

ಮಸ್ಕಿಯಿಂದ ಪಾಮನಕಲ್ಲೂರಿನ ದಾರಿ ಹಿಡಿದರೆ ನಡುವೆ ಒಂದು ಸಣ್ಣ ಊರು. ಆ ಊರಿನ ಮಾದಿಗರ ಕೇರಿಯಲ್ಲಿ ಕರೆಮ್ಮ ಎಂಬ ವಿಧವೆ ಇದ್ದಳು. ರಜಾಕಾರರ ಗಲಾಟೆ ಮುಗಿದ ಮರುವರ್ಷ ಲಿಂಗಸುಗೂರಿನ ಕಡೆಯಿಂದ ಬಂದ ಒಬ್ಬ ಉಪದೇಶಿಯ ಮಾತು ಕೇಳಿ ಆಕೆ ದೀಕ್ಷಾಸ್ನಾನ ಪಡೆದು ಸುವಾರ್ತಮ್ಮನಾದಳು. ಅಕ್ಷರ ಗೊತ್ತಿಲ್ಲ. ಉಪದೇಶಿ ಹೇಳಿದ ಕತೆಗಳಲ್ಲಿ ಆಕೆಯ ತಲೆಯಲ್ಲಿ ಉಳಿದದ್ದು ಒಂದೇ. ಯೇಸುಸ್ವಾಮಿ ಸಾಯುವ ಮುಂಚೆ ನಡುವಿಗೆ ಬಟ್ಟೆ ಸುತ್ತಿಕೊಂಡು ಕುಳಿತು ತನ್ನವರ ಕಾಲು ತೊಳೆದದ್ದು. ತೊಳೆಸಿಕೊಂಡವರಲ್ಲಿ ಅವನನ್ನು ಹಿಡಿದುಕೊಡಲಿದ್ದವನೂ ಒಬ್ಬನಂತೆ.

"ಅವನ ಕಾಲೂ ತೊಳದ್ರೇನ್ರೀ?" ಎಂದು ಆಕೆ ಮತ್ತೆ ಮತ್ತೆ ಕೇಳಿದಳು. ಉಪದೇಶಿ ಹೌದು ಹೌದು ಎಂದು ಹೇಳಿ ಸಾಕಾಗಿ ಹೋದ.

ಕಾಲಿನ ಕೆಲಸ ಆಕೆಗೆ ಹೊಸದಲ್ಲ. ಆ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ನಾರುಹುಣ್ಣು. ಮೆಟ್ಟಿಲ ಬಾವಿಗೆ ಇಳಿದು ಕಾಲು ನೆನೆಸಿ ನೀರು ತುಂಬುವ ಊರುಗಳಲ್ಲಿ ಅದು ಬಿಟ್ಟ ಮನೆ ಇರಲಿಲ್ಲ. ಕಾಲಲ್ಲಿ ಬೊಬ್ಬೆ ಎದ್ದು ಒಡೆಯುತ್ತದೆ, ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದರ ತುದಿಯನ್ನು ಕಡ್ಡಿಗೆ ಸಿಕ್ಕಿಸಿ ದಿನಾ ಬಂದಷ್ಟೇ ಸುತ್ತಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದು ಒಳಗೆ ಉಳಿದರೆ ಕಾಲು ಕೀವಾಗಿ ಸೆಟೆದುಹೋಗುತ್ತದೆ. ಕೆಲವರು ಮತ್ತೆ ನೆಲಕ್ಕೆ ಹಿಮ್ಮಡಿ ಊರುವುದೇ ಇಲ್ಲ. ನಾರು ಸುತ್ತುವುದನ್ನು ಸುವಾರ್ತಮ್ಮ ತಾಯಿಯಿಂದ ಕಲಿತಿದ್ದಳು. ಮೊದಲು ಅದು ಬರೀ ಕೆಲಸವಾಗಿತ್ತು. ದೀಕ್ಷೆಯಾದ ಮೇಲೆ ಕೇರಿಯಲ್ಲಿ ಯಾರದಾದರೂ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಆಕೆಯ ಮುಖವೇ ಬೇರೆಯಾಗುತ್ತಿತ್ತು.

ದ್ಯಾಮವ್ವನಿಗೆ ಕೋಣ ಕಡಿದ ದಿನ ರಕ್ತದ ಅನ್ನದ ಬುಟ್ಟಿ ಹೊತ್ತು ಊರ ಸೀಮೆಗೆ ಚೆಲ್ಲಿ ಬರುವುದು ಆಕೆಯ ಮನೆಯ ಪಾಳಿ. ಆ ವರ್ಷ ಆಕೆ ಬುಟ್ಟಿ ಮುಟ್ಟಲಿಲ್ಲ. ಯಾರನ್ನೂ ಬೈಯಲಿಲ್ಲ, ತಡೆಯಲೂ ಇಲ್ಲ. "ನನ್ನ ಕೈಲೆ ಆಗಂಗಿಲ್ರಿ" ಎಂದಳು, ಅಷ್ಟೇ.

ಗೌಡ ಅಮರಗುಂಡಪ್ಪನ ತಾಯಿ ವೀರಭದ್ರಮ್ಮ ಮರುದಿನ ಬಾವಿಯ ದಂಡೆಗೆ ಬಂದು ನಿಂತಳು. ಕೇರಿಯವರು ಬಾವಿಗೆ ಇಳಿಯುವ ಹಾಗಿರಲಿಲ್ಲ. ಊರ ಹೆಂಗಸರು ತುಂಬಿ ತಂದು ಮೇಲಿನಿಂದ ಸುರಿದರೆ ಉಂಟು, ಇಲ್ಲವಾದರೆ ಇಲ್ಲ.

"ಈಕಿ ಕೊಡಕ್ಕ ಯಾರರ ನೀರು ಹಾಕಿದ್ರ, ಅವರು ನಮ್ಮ ಅಂಗಳ ತುಳಿಯಬಾರದು ನೋಡ್ರಿ."

ಗೌಡನ ಹೆಂಡತಿ ಪಾರ್ವತೆಮ್ಮ ಆಗ ಹೊಸ ಸೊಸೆ. ಸುರಿಯಲೆಂದು ಕೊಡ ಎತ್ತಿದ್ದವಳು ಅತ್ತೆಯ ಮುಖ ನೋಡಿದಳು. ನೋಡಿ ನಕ್ಕು, ಸುವಾರ್ತಮ್ಮನ ಕಾಲ ಮುಂದಿನ ಮಣ್ಣಿಗೆ ನೀರು ಸುರಿದಳು.

"ತಗೋ, ನಿಮ್ಮ ದೇವರನ್ನ ಕರದು ತುಂಬಿಸಿಕೋ."

ಬಾವಿಯ ದಂಡೆಯೆಲ್ಲ ನಕ್ಕಿತು. ಅಂದಿನಿಂದ ಸುವಾರ್ತಮ್ಮ ಹಳ್ಳಕ್ಕೆ ಹೋಗಿ ಮರಳಲ್ಲಿ ಒರತೆ ತೋಡಿ, ಬೊಗಸೆಯಿಂದ ಕೊಡ ತುಂಬಿ, ಮೈಲಿ ದೂರ ಹೊತ್ತು ತಂದಳು. ಒರತೆ ನೀರು ಕುಡಿದವಳಿಗೆ ನಾರು ಏಳಲಿಲ್ಲ, ಬಾವಿ ನೀರಿನವರಿಗೆ ಎದ್ದಿತು. ಅದೂ ಆಕೆಯ ತಲೆಗೇ ಬಂತು. ಕಿರಸ್ತಾನದಾಕಿ ಮಾಟ ಮಾಡಿ ಊರ ಮೇಲೆ ನಾರು ಬಿಟ್ಟಿದ್ದಾಳೆ ಎಂದರು. ದಾರಿಯಲ್ಲಿ ಹುಡುಗರು ಕಲ್ಲು ತೂರಿದರು.

ಎರಡು ಬೇಸಿಗೆ ಕಳೆದವು. ಊರವರ ನಾರು ಸುತ್ತುತ್ತಿದ್ದ ಹಜಾಮ ಕಾಲುವೆ ಅಗೆಯುವ ಕೂಲಿಗೆಂದು ಹೆಂಡತಿ ಮಕ್ಕಳ ಸಮೇತ ದಢೇಸುಗೂರಿಗೆ ಹೋಗಿಬಿಟ್ಟಿದ್ದ. ಜೋಳ ಕೊಯ್ಲಿಗೆ ಬಂದ ಹೊತ್ತಿನಲ್ಲಿ ಪಾರ್ವತೆಮ್ಮನ ಬಲಗಾಲಲ್ಲಿ ನಾರು ಎದ್ದಿತು. ಮದುವೆಯಾಗಿ ಮೂರು ವರ್ಷ, ಮಡಿಲು ತುಂಬಿರಲಿಲ್ಲ. ಈಗ ಕಾಲೂ ಬಿತ್ತು. "ಯುಗಾದಿತನಕ ನೋಡತೀನಿ. ಎದ್ದು ನಡದ್ರ ಸೊಸಿ, ಇಲ್ಲಾಂದ್ರ ಜವಳಗೇರಿಗೆ ಗಾಡಿ" ಎಂದು ವೀರಭದ್ರಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಜವಳಗೇರಾ ಪಾರ್ವತೆಮ್ಮನ ತವರು. ಸೊಸೆಯನ್ನು ದನದ ಕೊಟ್ಟಿಗೆಯಲ್ಲಿ ಹಾಕಿ, ನಾರು ಸುತ್ತಲು ಸುವಾರ್ತಮ್ಮ ಬರಲೆಂದು ಕೇರಿಗೆ ಹೇಳಿಕಳಿಸಿದಳು.

ಸುವಾರ್ತಮ್ಮ ಹೊರಟದ್ದನ್ನು ನೋಡಿ ನೆಗೆಣ್ಣಿ ಯಮನೂರಮ್ಮ ದಾರಿಗೆ ಅಡ್ಡ ಬಂದಳು.

"ನಾಚಿಕಿ ಬರಂಗಿಲ್ಲೇನ ಬೇ ನಿನಗ? ನೀರು ಮಣ್ಣಿಗೆ ಸುರದಾಕಿ ಆಕಿ!"

"ಸುರದಿದ್ದು ಕೈ ಬೇ. ಕಾಲೇನು ಮಾಡೇತಿ?"

"ಹೋಗು, ಹೋಗಿ ಆಕಿ ಕಾಲಿಗೆ ಮುದ್ದು ಕೊಡು!"

ಕೊಟ್ಟಿಗೆಯ ಹಿಂಬಾಗಿಲಿಂದ ಒಳಗೆ ಹೋದಾಗ ಪಾರ್ವತೆಮ್ಮ ಮುಖ ಗೋಡೆಗೆ ತಿರುಗಿಸಿದಳು. ಸುವಾರ್ತಮ್ಮ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡು, ಬೇವಿನ ಎಲೆ ಕುದಿಸಿದ ನೀರಿನಲ್ಲಿ ತೊಳೆದು, ನಾರಿನ ತುದಿ ಹಿಡಿದು ಕಡ್ಡಿಗೆ ಸುತ್ತಿ, ಔಡಲ ಎಲೆ ಕಟ್ಟಿದಳು. ಆಕೆ ಹೊಸ್ತಿಲು ದಾಟುವುದೇ ತಡ, ವೀರಭದ್ರಮ್ಮ ಸಗಣಿನೀರಿನ ತಂಬಿಗೆ ತಂದಳು. ಕೇರಿಯವರು ಮುಟ್ಟಿದ ಮೈ ಶುದ್ಧವಾಗಬೇಕಲ್ಲ. ಎಲೆ ಕಿತ್ತೆಸೆದು, ಬಾಯಿ ತೆರೆದ ಹುಣ್ಣಿನ ಮೇಲೆಯೇ ಸುರಿದಳು.

ದಿನಾ ಹೀಗೇ. ಬೆಳಿಗ್ಗೆ ಸುವಾರ್ತಮ್ಮ ತೊಳೆಯುವುದು, ಆಮೇಲೆ ಅತ್ತೆ ಸಗಣಿನೀರು ಸುರಿಯುವುದು. ವಾರ ಕಳೆಯುವಷ್ಟರಲ್ಲಿ ಹುಣ್ಣು ಕೆಂಪೇರಿ ನಾತ ಹಿಡಿಯಿತು. ಜ್ವರ ಬಂತು. ಸುವಾರ್ತಮ್ಮ ಅಂಗಳದಲ್ಲಿ ನೆಲಕ್ಕೆ ಹಣೆ ಹಚ್ಚಿದಳು.

"ಅವ್ವಾರ, ಆ ನೀರು ನನ್ನ ತಲಿ ಮ್ಯಾಲ ಹಾಕ್ರಿ. ಹೊಸ್ತಿಲಕ್ಕ ಹಾಕ್ರಿ. ಹುಣ್ಣಿಗೆ ಬ್ಯಾಡ್ರಿ, ಕಾಲು ಹೋಗತೈತಿ."

"ಅಬಬಬಾ! ಸತ್ತ ಎಮ್ಮಿ ತಿಂದ ಬಾಯಿ ನಮಗ ಮಡಿ ಹೇಳಾಕ ಬಂತು!" ಎಂದು ವೀರಭದ್ರಮ್ಮ ತಂಬಿಗೆಯನ್ನೇ ಎಸೆದಳು. ಅದು ಸುವಾರ್ತಮ್ಮನ ಹುಬ್ಬಿಗೆ ತಗುಲಿ ರಕ್ತ ಬಂತು.

ಮರುದಿನವೂ ಆಕೆ ಬಂದಳು. ಹುಬ್ಬಿಗೆ ಅರಿಸಿನ ಮೆತ್ತಿಕೊಂಡು ಬಂದವಳನ್ನು ನೋಡಿ ಪಾರ್ವತೆಮ್ಮ ಮೊದಲ ಸಲ ಮಾತಾಡಿದಳು.

"ಯಾಕ ಬರತೀ?"

"ನಿನ್ನ ನಾರು ಇನ್ನೂ ಮುಗದಿಲ್ಲಲ್ಲ ಯವ್ವಾ."

"ನಾ ಅವತ್ತು ನೀರು..."

"ಅದು ಹ್ವಾತು. ಎದ್ದು ಕುಂದರು. ಇವತ್ತಿಂದ ನಾ ನಿನ್ನ ಮುಟ್ಟಂಗಿಲ್ಲ. ನೀನ ಸುತ್ತಬೇಕು."

ಮುಟ್ಟಿದರೆ ತಾನೇ ಸಗಣಿನೀರು? ಸುವಾರ್ತಮ್ಮ ಕೊಟ್ಟಿಗೆಯ ಹೊರಗೆ ಬಿಸಿಲಲ್ಲಿ ಕುಳಿತು ಹೇಳಿದಳು, ಪಾರ್ವತೆಮ್ಮ ತನ್ನ ನಾರನ್ನು ತಾನೇ ಸುತ್ತಿಕೊಂಡಳು. "ಹಗೂರಕ. ಅದಕ್ಕೂ ಜೀವ ಐತಿ, ಬಿಗದ್ರ ಅದೂ ಬಿಗಿತೈತಿ. ಇಷ್ಟ ಸಾಕು, ಬಿಡು." ನೋವು ಹೆಚ್ಚಾದರೆ ಸುವಾರ್ತಮ್ಮ ಕಾಲು ತೊಳೆದ ಸ್ವಾಮಿಯ ಕತೆ ಹೇಳುತ್ತಿದ್ದಳು. ನಂಬು ಎನ್ನಲಿಲ್ಲ. ಪಾರ್ವತೆಮ್ಮ ಕೊರಳ ಲಿಂಗವನ್ನು ಹಿಡಿದುಕೊಂಡೇ ಕೇಳುತ್ತಿದ್ದಳು. ಜ್ವರ ಇಳಿಯಿತು. ಹುಣ್ಣಿನ ನಾತ ಹೋಯಿತು. ಪಾರ್ವತೆಮ್ಮ ಬಾಯಿ ತಪ್ಪಿ ಒಂದು ದಿನ ಸುವಾರ್ತಮ್ಮನನ್ನು "ಯಕ್ಕಾ" ಎಂದಳು.

ಇನ್ನೂ ಸ್ವಲ್ಪ ನಾರು ಉಳಿದಿತ್ತು. ಯುಗಾದಿ ಹತ್ತಿರ ಬಂದಿತ್ತು. ಹೊಲದಲ್ಲಿ ಜೋಳ ಒಣಗಿ ನಿಂತಿತ್ತು, ಆಳುಗಳೆಲ್ಲ ಕಾಲುವೆ ಕೂಲಿಗೆ ಹೋಗಿದ್ದರು. ಅಮರಗುಂಡಪ್ಪ ಕೊಟ್ಟಿಗೆಗೆ ನುಗ್ಗಿದ.

"ಎಷ್ಟು ದಿನ ಈ ಆಟ? ಏನ ನೂಲು ತಗೀತೀಯೋ, ಸೀರಿ ನೇಯತೀಯೋ!"

"ಇನ್ನ ನಾಕು ದಿನ್ರಿ ಗೌಡ್ರ, ಕೈ ಮುಗೀತೀನಿ" ಎಂದು ಸುವಾರ್ತಮ್ಮ ಹೊರಗಿನಿಂದಲೇ ಕೂಗಿದಳು.

ಅವನು ಕಡ್ಡಿ ಹಿಡಿದು ಜಗ್ಗಿಬಿಟ್ಟ. ನಾರು ಹರಿಯಿತು. ಪಾರ್ವತೆಮ್ಮನ ಕೂಗಿಗೆ ಕಟ್ಟಿದ ಎತ್ತುಗಳು ಕಣ್ಣಿ ಹರಿದುಕೊಳ್ಳಲು ನೋಡಿದವು. ಅವನು ಹೊರಗೆ ಹೋದ ಮೇಲೆ ಆಕೆ ಹುಲ್ಲಿನ ಮೇಲೆ ತೆವಳಿಕೊಂಡು ಬಾಗಿಲಿಗೆ ಬಂದಳು.

"ಯಕ್ಕಾ, ಅವರ ಹೆಸರು ಹೇಳಬ್ಯಾಡ. ಹೇಳಿದ್ರ ನನ್ನ ಇವತ್ತ ಅಟ್ಟತಾರ. ನನಗ ಬ್ಯಾರೆ ಮನಿ ಇಲ್ಲ."

ಕಾಲು ಬಾತು ಕುಂಬಳವಾಯಿತು. ವೀರಭದ್ರಮ್ಮ ಬೀದಿಯಲ್ಲಿ ನಿಂತು ಬಾಯಿ ಬಡಿದುಕೊಂಡಳು: ಕಿರಸ್ತಾನದಾಕಿ ನೀರಿನ ಹಗೆ ತೀರಿಸಿಕೊಳ್ಳಲು ಬೇಕಂತಲೇ ನಾರು ಹರಿದಿದ್ದಾಳೆ! ಸುವಾರ್ತಮ್ಮನನ್ನು ಎಳೆದು ತಂದು ಚಾವಡಿಯ ಕಂಬಕ್ಕೆ ಕಟ್ಟಿದರು.

"ನೀ ಅಲ್ಲಂದ್ರ ಯಾರು ಹರದವರು, ಹೇಳು."

ಆಕೆ ಅಮರಗುಂಡಪ್ಪನ ಮುಖ ನೋಡಿದಳು. ಅವನೂ ನೋಡಿದ. ಆಕೆ ಬಾಯಿ ಬಿಡಲಿಲ್ಲ. ಬಾರಕೋಲಿನಿಂದ ಹೊಡೆದರು, ಆಗಲೂ ಬಿಡಲಿಲ್ಲ. ಆಮೇಲೆ ಹಗ್ಗ ಬಿಚ್ಚಿ ಕೆಡವಿದಾಗ ಅಮರಗುಂಡಪ್ಪ, "ಈ ಕೈಯೇ ಅಲ್ಲೇನ?" ಎಂದು ಕಬ್ಬಿಣದ ಲಾಳ ಬಡಿದ ಚಪ್ಪಲಿಯಿಂದ ಆಕೆಯ ಬಲಗೈ ತುಳಿದ. ಬೆರಳಿನ ಎಲುಬು ಮುರಿದ ಸದ್ದು ಕಟ್ಟೆಯ ಮೇಲೆ ಕುಳಿತವರಿಗೆ ಕೇಳಿಸಿತು. ಒಬ್ಬರೂ ಏಳಲಿಲ್ಲ. ಕೊಟ್ಟಿಗೆಯಲ್ಲಿದ್ದ ಪಾರ್ವತೆಮ್ಮನಿಗೂ ಎಲ್ಲ ತಿಳಿಯಿತು. ಅವಳೂ ಸುಮ್ಮನಿದ್ದಳು.

ಸುಮ್ಮನಿದ್ದು ಉಳಿಸಿಕೊಂಡದ್ದಾದರೂ ಏನು? ಕಾಲು ಸೆಟೆದು ಸಣ್ಣದಾಯಿತು. ಯುಗಾದಿಯ ಬೇವು-ಬೆಲ್ಲ ಮುಗಿದ ಮರುದಿನ ಗಾಡಿ ಹೂಡಿದರು. ಅಮರಗುಂಡಪ್ಪ ತಾನೇ ಹೊಡೆಯಲು ಕುಳಿತ. ಹೊಸ ಹೆಣ್ಣನ್ನು ಆಗಲೇ ನೋಡಿಟ್ಟಿದ್ದರು. ಚಾವಡಿಯ ಮುಂದೆ ಜನ ಕೂಡಿದ್ದರು. ಕೇರಿಯವರು ದೂರದಲ್ಲಿ ನಿಂತಿದ್ದರು. ಪಾರ್ವತೆಮ್ಮ ಗಾಡಿಯ ಗೂಟ ಹಿಡಿದು ಒಂಟಿಕಾಲಲ್ಲಿ ಎದ್ದು ನಿಂತಳು.

"ನಾರು ಹರದವ ನನ್ನ ಗಂಡ. ಸುವಾರ್ತಕ್ಕನ ಕೈ ನನ್ನ ಮುಟ್ಟೇ ಇದ್ದಿಲ್ಲ ಅವತ್ತು. ನಾ ಬಾಯಿ ಮುಚ್ಚಿಕೊಂಡು ಆಕಿ ಕೈ ಮುರಿಸೀನಿ. ಎಲ್ಲಾರು ಕೇಳಿಸಿಕೋರಿ!"

"ಜ್ವರ ನೆತ್ತಿಗೇರೈತಿ. ಕಿರಸ್ತಾನದಾಕಿ ತಲಿ ಕೆಡಿಸ್ಯಾಳ" ಎಂದು ವೀರಭದ್ರಮ್ಮ ನಕ್ಕಳು. "ಹೊಡಿಯೋ ಗಾಡಿ!"

ಎತ್ತಿನ ಬೆನ್ನಿಗೆ ಏಟು ಬಿತ್ತು. ನಿಂತವಳು ಗಾಡಿಯೊಳಗೇ ಮುಗ್ಗರಿಸಿ ಬಿದ್ದಳು. ಜನ ಕೇಳಿಸಿಕೊಂಡರು, ತಮ್ಮ ತಮ್ಮ ಮನೆಗೆ ಹೋದರು. ಚಾವಡಿಯಲ್ಲಿ ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಬಾವಿಯ ನೀರೂ ಸುವಾರ್ತಮ್ಮನಿಗೆ ಸಿಗಲಿಲ್ಲ. ಬಲಗೈ ಕೊಕ್ಕೆಯ ಹಾಗೆ ಉಳಿಯಿತು. ಕೇರಿಯ ನಾರುಗಳನ್ನು ಎಡಗೈಯಿಂದ, ಎರಡರಷ್ಟು ದಿನ ಹಿಡಿದು ಸುತ್ತಿದಳು.

ಸಿಂಧನೂರಿನ ಕಡೆ ಕಾಲುವೆಗೆ ನೀರು ಬಿಟ್ಟ ಮೇಲಿನ ಮಾತು. ಒಂದು ಬೇಸಿಗೆಯಲ್ಲಿ ಬಳೆ ಮಾರುವ ಚಾಂದ್‌ಬೀ ಬುಟ್ಟಿ ಹೊತ್ತು ಕೇರಿಗೆ ಬಂದಳು.

"ಸುವಾರ್ತಮ್ಮ ಅಂದ್ರ ಯಾರು?"

"ನಾನ. ರಂಡಿಮುಂಡಿಗೆ ಬಳಿ ಯಾಕ ಬೇ?"

"ಬಳಿ ಅಲ್ಲ ಬೇ, ಖಬರ್ ತಂದೀನಿ. ಜವಳಗೇರಿ ಪಾರ್ವತೆಮ್ಮ ಕಳಿಸ್ಯಾಳ. ನಿನ್ನ ಕೈ ಹೆಂಗೈತಿ, ಕಣ್ಣಿಲೆ ನೋಡಿ ಬಾ ಅಂದಾಳ."

ಸುವಾರ್ತಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಆಕಿ ಹೆಂಗದಾಳ?"

"ಕಾಲು ಎಳಕೊಂತ ಅಡ್ಡಾಡತಾಳ. ಅಣ್ಣಗಳು ಅಂಗಳದಾಗ ಒಂದು ಮೂಲಿ ಕೊಟ್ಟಾರ, ಅನ್ನ ಹಾಕಿದಾಗ ಹಾಕತಾರ. ಊರಾಗ ಯಾರಿಗೆ ನಾರು ಎದ್ರೂ ಆಕಿನ ಸುತ್ತೂದು. ನಮ್ಮ ಸಾಬರ ಮಂದಿಗೂ ಸುತ್ತತಾಳ, ಕೇರಿಗೂ ಹೋಗತಾಳ. ಮನ್ನಿ ಒಬ್ಬ ಮುದುಕಿ ಸಗಣಿನೀರು ತಂದಿದ್ಳು. ತೌಬಾ! ಕೋಲು ತಗೊಂಡು ಬೀದಿ ತನಕ ಅಟ್ಟಿಸಿಕೊಂಡು ಹೋದ್ಳು, ಆ ಕುಂಟಗಾಲಾಗ!"

ಸುವಾರ್ತಮ್ಮ ನಕ್ಕಳು. ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಕಿರಸ್ತಾನ ಆಗ್ಯಾಳ ಅಂತಾರ ಮಂದಿ. ಖರೇನ?" ಎಂದು ಚಾಂದ್‌ಬೀ ಸಣ್ಣ ದನಿಯಲ್ಲಿ ಕೇಳಿದಳು. "ಹಣಿಗೆ ಈಬತ್ತಿ ಅಂತೂ ಹಂಗ ಐತಿ."

"ಇರಲಿ ಬಿಡು. ಸುತ್ತುವಾಗ ಅವಸರ ಮಾಡಬ್ಯಾಡ ಅಂತ ಹೇಳು, ಅಷ್ಟ."

"ಕೈ ಹೆಂಗೈತಿ ಅಂತ ಹೇಳಲಿ?"

ಸುವಾರ್ತಮ್ಮ ಸೆರಗು ಸರಿಸಿ ಕೈಯನ್ನು ಬಿಸಿಲಿಗೆ ಹಿಡಿದಳು. "ಇದ್ದದ್ದು ಇದ್ದಂಗ ಹೇಳು. ಆಕಿಗೆ ಸುಳ್ಳು ಬ್ಯಾಡ."

ಚಾಂದ್‌ಬೀ ಆ ಕೈ ನೋಡಿ, ಬುಟ್ಟಿ ಇಳಿಸಿ, ಆಕೆಯ ಪಕ್ಕದಲ್ಲಿ ಕುಳಿತುಕೊಂಡಳು.