ಬಾಲವಿಲ್ಲದ ಚೀಟಿ

ಪವಿತ್ರಳ ಕೆಲಸ ತಾಯಿ ಚಿಟ್ಟೆಗಳನ್ನು ಕುಟ್ಟುವುದು. ಕೊಳ್ಳೇಗಾಲದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಗ್ರೈನೇಜಿನಲ್ಲಿ ನನ್ನ ಪಕ್ಕದ ಮೇಜು ಅವಳದು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಕುಟ್ಟಾಣಿಯಲ್ಲಿ ಜಜ್ಜಿ, ಆ ರಸದಲ್ಲಿ ಮೊಟ್ಟೆಗೂ ಅಂಟುವ ಗಂಟು ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಜ್ಜೀಪುರದಿಂದ ಬಸ್ಸಿಗೆ ಬರುತ್ತಿದ್ದಳು. ಎಷ್ಟೋ ಬೆಳಿಗ್ಗೆ ಅವಳ ಮುಖವನ್ನೂ ಯಾರೋ ಕುಟ್ಟಿದಂತಿರುತ್ತಿತ್ತು.

ಕುಟ್ಟುವವನು ಗಂಡ ಉದಯಕುಮಾರ್. ಅವನ ಕೈ ಸೇದಿಹೋಗ! ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಇವಳ ಮೊಟ್ಟೆ ಬಲಿಯುತ್ತಿಲ್ಲ ಎಂದು ಡಾಕ್ಟರು ಹೇಳಿದ ದಿನ ಬೆಲ್ಟಿನಿಂದ ಬಾರಿಸಿ ಹುಬ್ಬು ಸೀಳಿದ್ದ. ಒಂದು ದಿನ ಕೊಂದೇ ಹಾಕುತ್ತಾನೆಂದು ನನಗೆ ಹೆದರಿಕೆ. ಅವಳನ್ನು ಬೈದು ಬೈದು ಪೊಲೀಸರಿಗೆ ದೂರು ಬರೆಸಿದೆ. ಎಲ್ಲ ಬರೆದಳು, ಕೆಳಗೆ ಸಹಿ ಮಾತ್ರ ಹಾಕಲಿಲ್ಲ.

"ಮಗು ಆದ್ರೆ ಸರಿ ಓಯ್ತಾನೆ ಕಣಕ್ಕಾ" ಎಂದು ಮಡಿಸಿ ಡ್ರಾಯರಿಗೆ ತಳ್ಳಿದಳು. ನನಗೆ ಮೈಯೆಲ್ಲ ಉರಿಯಿತು.

ಮೊನ್ನೆ ನಮ್ಮ ಗ್ರೈನೇಜಿಗೆ ಕೋಮಲ ಎಂಬುವಳು ಬಂದಿದ್ದಳು. ಯಳಂದೂರಿನ ಹುಡುಗಿ, ಮೈಸೂರಿನಲ್ಲಿ ಮೊಟ್ಟೆಗಳ ಬಗ್ಗೆಯೇ ಸಂಶೋಧನೆ ಮಾಡುತ್ತಾಳೆ.

"ಮೊಟ್ಟೆ ಬೆಳೀವಾಗ್ಲೇ ಒಳಗೆ ಸಾವಿರಾರು ಚೀಟಿ ಬರ್ದಿಟ್ಟಿರ್ತದೆ ಕಣಕ್ಕಾ, ಮುಂದೆ ಏನು ಮಾಡ್ಬೇಕು ಅಂತ. ಎಂಆರ್‌ಎನ್‌ಎ ಅಂತೀವಿ. ಒಂದೊಂದಕ್ಕೂ ಒಂದು ಬಾಲ. ಬಾಲ ಮೋಟಾಗಿದ್ರೆ ಓದಿಸ್ಕೊಳ್ಳಲ್ಲ, ಸುಮ್ಕೆ ಬಿದ್ದಿರ್ತದೆ. ಮೊಟ್ಟೆ ಬಲಿಯೋ ಒತ್ತಿಗೆ ಕೆಲವಕ್ಕೆ ಬಾಲ ಉದ್ದ ಆಯ್ತದೆ, ಆಗ ಕೆಲ್ಸ ಶುರು. ಇನ್ನು ಕೆಲವಕ್ಕೆ ಇದ್ದ ಬಾಲನೂ ಮೋಟಾಗಿ, ಬಾಯಿ ಮುಚ್ಕತವೆ."

"ಬಿದ್ದಿರೋದು ಸತ್ತಿರಲ್ವಾ?" ಪವಿತ್ರ ಕೇಳಿದಳು.

"ಇಲ್ಲಕ್ಕಾ. ಕಾಯ್ತಾ ಇರ್ತದೆ."

ಅದೇ ಮಧ್ಯಾಹ್ನ, ಪವಿತ್ರ ಫೋನು ಎತ್ತಲಿಲ್ಲವೆಂದು ಉದಯಕುಮಾರ್ ಒಳಗೆ ನುಗ್ಗಿದ. "ಗೊಡ್ಡು ಮುಂಡೆ!" ಎಂದು ಜುಟ್ಟು ಹಿಡಿದು ಅವಳ ಮುಖವನ್ನು ಮೇಜಿಗೆ ಬಡಿದ. ಮೊಟ್ಟೆ ಹಾಳೆಗಳ ಮೇಲೆ ರಕ್ತ, ಒಂದು ಹಲ್ಲು. ಕುಟ್ಟಾಣಿಯ ಗುಂಡು ಎತ್ತಿ ಅವಳ ಎಡಗೈ ಮೇಲೆ ಹಾಕಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ನಾನು ಸ್ಟೂಲು ಎತ್ತಿ ಅವನ ಬೆನ್ನಿಗೆ ಬೀಸಿದೆ.

"ಆಚೆ ಬಾ, ಮಿಕ್ಕಿದ್ದು ಮನೇಲಿ ಕೊಡ್ತೀನಿ" ಎಂದು ಬೆನ್ನು ಹಿಡಿದುಕೊಂಡು ಬೈಕಿನ ಹತ್ತಿರ ಹೋಗಿ ನಿಂತ.

ಪವಿತ್ರ ಬಲಗೈಯಿಂದ ಡ್ರಾಯರು ಎಳೆದು ದೂರಿನ ಹಾಳೆ ತೆಗೆದಳು. "ಅಕ್ಕಾ, ಪೆನ್ನು ಕೊಡು."

ಸಹಿ ಮಾಡಿದಳು. ಹಿಂಬಾಗಿಲಿನಿಂದ ಠಾಣೆಗೆ ಹೋದೆವು.

ಪೇದೆ ಹಾಳೆ ಬಿಡಿಸಿ ಮೊದಲು ಕೆಳಗೆ ನೋಡಿದ. ಸಹಿ ಇತ್ತು. ಆಮೇಲೆ ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದ.