ಹೂಂ ಅನ್ನದಿದ್ದರೆ ಕಥೆ ಮುಂದಕ್ಕಿಲ್ಲ

ಮಂಗಳೂರಿನಲ್ಲಿ ನನ್ನ ಜೊತೆ ಮೊದಲು ಮಾತಾಡಿದ್ದು ಲಿಫ್ಟು. ಇಂಗ್ಲಿಷಿನಲ್ಲಿ ಏನೋ ಹೇಳಿ ಬಾಗಿಲು ತೆರೆಯಿತು. ಮನೆಯೊಳಗೆ ಕುರ್ಚಿಯಲ್ಲಿದ್ದ ನನ್ನ ಮಗಳು ಶಾಂತಾ ನನ್ನನ್ನು ಕಂಡು ಬಾಯಿ ತೆರೆದಳು. ಮಾತು ಬರಲಿಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಸೋತಿತ್ತು, ನಾಲಿಗೆ ನಿಂತಿತ್ತು. ಹೇಳಿದ್ದೆಲ್ಲ ತಿಳಿಯುತ್ತದೆ, ಮಾತು ಬಂದರೂ ಬಂದೀತು, ಬಾರದೆಯೂ ಇದ್ದೀತು ಎಂದರು ಡಾಕ್ಟರು. ಮಾತು ಬರುವ ತನಕ ಇದ್ದು ಹೋಗುವುದೆಂದು ಗದಗಿನ ಕಡೆಯಿಂದ ಒಂದು ಚೀಲ ಜೋಳದ ಹಿಟ್ಟು ಹೊತ್ತು ಬಂದಿದ್ದೆ.

ಫಳ್ನೀರಿನ ಈ ಫ್ಲ್ಯಾಟಿನಲ್ಲಿ ಹಗಲೂ ಕದ ಮುಚ್ಚಿರುತ್ತದೆ. ನಮ್ಮ ಓಣಿಯಲ್ಲಿ ಹಾಗೆ ಮುಚ್ಚಿದರೆ ಯಾರು ಹೋದರು ಎಂದು ಕೇಳಲು ಬರುತ್ತಾರೆ. ನಾನು ತೆರೆದಿಟ್ಟೆ, ವಾಚ್‌ಮನ್ ಬಂದು ಮುಚ್ಚಿದ. ಅನ್ನವೆಂದರೆ ಕುಚ್ಚಲಕ್ಕಿ, ದಪ್ಪ, ಕೆಂಪು. ಶಾಂತಾಳನ್ನು ನೋಡಿಕೊಳ್ಳುವ ನರ್ಸ್ ಸೆಲಿನ್ ಅದರ ಗಂಜಿ ಮಾಡಿ ನನಗೂ ಬಡಿಸಿದಳು.

“ಜಡ್ಡಾದವರಿಗೆ ಕೊಡು. ನನಗೇನು ಧಾಡಿ?” ಎಂದೆ.

“ಇಲ್ಲಿ ಪೈಲ್ವಾನರೂ ಗಂಜಿಯೇ ಉಣ್ಣುವುದು ಮಾರಾಯ್ರೆ. ಉಪ್ಪಿನಕಾಯಿ ಉಂಟು, ಕೂತ್ಕೊಳ್ಳಿ.”

ಮಾತು ಕಲಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಬೆಕ್ಕು, ಬಾಳೆಹಣ್ಣಿನ ಚಿತ್ರ ತೋರಿಸುತ್ತಿದ್ದಳು. ಕಾಲೇಜಿನಲ್ಲಿ ಕಲಿಸಿ ನಿವೃತ್ತಳಾದ ಶಾಂತಾ ಗೋಡೆ ಕಡೆ ಮುಖ ತಿರುಗಿಸುತ್ತಿದ್ದಳು. ನನಗೆ ಚಿತ್ರ ಗೊತ್ತಿಲ್ಲ, ಕಥೆ ಗೊತ್ತು. ನಮ್ಮ ಕಡೆ ಕಥೆ ಕೇಳುವವರು ನಡುನಡುವೆ ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ.

“ಹೂಂ ಅನ್ನವ್ವ. ಇಲ್ಲಾಂದ್ರ ಕಥಿ ಮುಂದ ಹೋಗೂದಿಲ್ಲ,” ಎಂದೆ.

ಅನ್ನಲಿಲ್ಲ. ಕಥೆಯಲ್ಲಿ ಕಳ್ಳ ಮಂಚದ ಕೆಳಗೆ ಅಡಗಿದಲ್ಲಿಗೆ ಬಿಟ್ಟೆದ್ದು ಅಲಸಂದೆ ಬಿಡಿಸಲು ಹೋದೆ. ಮರುದಿನವೂ ಅಲ್ಲಿಗೇ ಬಿಟ್ಟೆ. ಸೆಲಿನ್ ತಡೆಯಲಾಗದೆ “ಹೂಂ” ಅಂದುಬಿಟ್ಟಳು. “ನಿನ್ನದು ಲೆಕ್ಕಕ್ಕಿಲ್ಲ,” ಎಂದೆ. ಹೀಗೇ ಮಳೆಗಾಲ ಅರ್ಧ ಕಳೆಯಿತು. ಒಂದು ಮಧ್ಯಾಹ್ನ ಶಾಂತಾಳ ಗಂಟಲಲ್ಲಿ ಏನೋ ಕೆರೆದ ಹಾಗಾಯಿತು. ಅದನ್ನೇ ಹೂಂ ಎಂದೆಣಿಸಿ ಕಳ್ಳನನ್ನು ಮಂಚದ ಕೆಳಗಿನಿಂದ ಹೊರಗೆ ತಂದೆ.

ಶಾಂತಾಳ ಹಳೆಯ ವಿದ್ಯಾರ್ಥಿನಿ ಉಷಾ ವಾಮಂಜೂರಿನ ಒಂದು ಕಾಲೇಜಿನಲ್ಲಿ ಕಲಿಸುತ್ತಾಳೆ. ಒಂದು ಸಂಜೆ ಬಂದವಳು ನಮ್ಮ ಕಥೆ ಕೇಳುತ್ತ ಕೂತಳು.

“ಅಜ್ಜಿ, ಮೇಡಂ ಮಾಡಿದ್ದೂ ಇದನ್ನೇ,” ಎಂದಳು.

ಮಗಳು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು ಎಂದಷ್ಟೇ ನನಗೆ ಗೊತ್ತಿತ್ತು. ಟೈಪು ಕಲಿಸುತ್ತಾಳೆ ಅಂದುಕೊಂಡಿದ್ದೆ. ಕಂಪ್ಯೂಟರುಗಳು ಒಂದೊಂದು ಕೋಣೆಯಲ್ಲಿ ಒಂಟಿಯಾಗಿದ್ದ ಕಾಲದಲ್ಲಿ ಶಾಂತಾ ಅವುಗಳ ನಡುವೆ ತಂತಿ ಎಳೆಸಿದ್ದಳಂತೆ. ಒಂದು ಕಳಿಸಿದ್ದು ಮುಟ್ಟಿತು ಎಂದು ಇನ್ನೊಂದು ಹೇಳಬೇಕು, ಹೇಳದಿದ್ದರೆ ಮತ್ತೆ ಕಳಿಸಬೇಕು, ಇಂಥ ಕಟ್ಟಳೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದಳಂತೆ. ಇಂಟರ್‌ನೆಟ್ ಎಂಬ ಹೆಸರು ಊರಿಗೆ ತಿಳಿಯುವ ಮುಂಚೆ.

“ಹೂಂ ಅನ್ನಿಸಾಕ ಅಷ್ಟು ವರ್ಷ ಬೇಕಾತೇನ?” ಎಂದು ಮಗಳನ್ನು ಕೇಳಿದೆ.

ಶಾಂತಾ ಅರ್ಧ ಬಾಯಲ್ಲಿ ನಕ್ಕಳು. ಉಷಾ ನಗಲಿಲ್ಲ. “ಎಂತ ಅಜ್ಜಿ, ಸಾವಿರ ಜನ ಒಟ್ಟಿಗೆ ಕಥೆ ಹೇಳ್ತಾರೆ. ಗುಡುಗಿಗೆ ಲೈನು ಹೋಗ್ತದೆ. ಒಬ್ಬರ ಹೂಂ ಇನ್ನೊಬ್ಬರಿಗೆ ಹೋಗಬಾರದು. ನೀವು ಮಾಡಿ ನೋಡುವ.”

ನನ್ನಿಂದ ಆಗುವುದಿಲ್ಲ ಎಂದು ಒಪ್ಪಿಕೊಂಡೆ.

ಮಳೆ ಹಿಂದೆಗೆದ ಮೇಲೆ ಒಂದು ಮಧ್ಯಾಹ್ನ, ಕಥೆಯ ನಡುವೆ ನನಗೇ ಜೊಂಪು ಹತ್ತಿತು.

“ಮತ್ತೆ... ಎಂತ... ಆಯ್ತು?”

ಕಣ್ಣು ಬಿಟ್ಟೆ. ಸೆಲಿನ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಕೇಳಿದ್ದು ನನ್ನ ಮಗಳು. ನಮ್ಮೂರಿನ ಹುಡುಗಿಯಾಗಿದ್ದರೆ ಮುಂದೇನಾತು ಅನ್ನುತ್ತಿದ್ದಳು. ತಿರುಗಿ ಬಂದ ನಾಲಿಗೆ ಈ ಊರಿನದು. ಇರಲಿ, ಬಂತಲ್ಲ. ಕಥೆ ಮುಂದುವರಿಸಿದೆ.

ಊರಿನಿಂದ ತಂಗಿ ಗೌರವ್ವ ಫೋನಿನಲ್ಲಿ ಮುಖ ತೋರಿಸಿ ಕೇಳಿದಳು, “ಮಾತು ಬಂತಂತಲ್ಲ. ಯಾವಾಗ ಬರ್ತೀ?”

“ಇನ್ನೂ ತೊದಲತಾಳ.”

“ನಿನ್ನ ಕಟ್ಟಿ ನೋಡಿಲ್ಲಿ,” ಎಂದು ಫೋನು ತಿರುಗಿಸಿದಳು. ನಾನು ಸಂಜೆ ಕೂರುತ್ತಿದ್ದ ಜಾಗದಲ್ಲಿ ಒಂದು ಕೆಂದ ನಾಯಿ ಕಾಲು ಚಾಚಿ ಮಲಗಿತ್ತು.

“ಮಲಗಲಿ ಬಿಡು,” ಎಂದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಓಡಿಸು ಅದನ್ನ,” ಎಂದೆ.